ಅಗಿಯುವ ಮಕ್ಕಳ ಡಾಕ್ಟರು

ಯಾರನ್ನೇ ಮೊದಲ ಸಲ ಕಂಡರೂ ಡಾಕ್ಟರು ಮುಖ ನೋಡುತ್ತಿರಲಿಲ್ಲ, ದವಡೆ ನೋಡುತ್ತಿದ್ದರು. ಕಿವಿಯ ಬುಡದಿಂದ ಗದ್ದದ ತುದಿಯವರೆಗೆ ಅವರ ಕಣ್ಣು ಒಂದು ಸುತ್ತು ಹೋಗಿ ಬರಬೇಕು, ನಮಸ್ಕಾರ ಗಿಮಸ್ಕಾರ ಎಲ್ಲ ಆಮೇಲೆ. ನನ್ನನ್ನು ಕಂಡಾಗಲೂ ಅಷ್ಟೇ. ಹೆಸರು ಕೇಳುವ ಮೊದಲೇ, “ಚಿಕ್ಕವರಿದ್ದಾಗ ಕಬ್ಬು ಚೆನ್ನಾಗಿ ತಿಂದಿದೀರ ಅಲ್ವೇನಮ್ಮಾ?” ಅಂದರು. ನಾನು ಮಂಡ್ಯ ಕಡೆಯವಳು. ಕಬ್ಬು ತಿನ್ನದೆ ಇನ್ನೇನು ತಿಂದಿರುತ್ತೇನೆ? ಆದರೂ ಬೆರಗಾಗಿ ಹೋದೆ. ನನ್ನ ಮುಖದಲ್ಲಿ ಹೊಗಳುವಂಥದ್ದು ಏನಾದರೂ ಇದೆ ಅಂತ ಅದುವರೆಗೆ ಯಾರೂ ಹೇಳಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು ಅಂತ ಹಳೆಯ ಲ್ಯಾಬಿನವರೊಬ್ಬರು ಫೋನು ಮಾಡಿದರು. “ಎಂಥಾ ಮನುಷ್ಯ ಅಲ್ವಾ?” ಅಂದರು. ಹೌದು ಅಂದೆ. ಅಳು ಬರಲಿಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಸಿಟ್ಟನ್ನು ಇನ್ನು ಯಾರ ಮುಂದೆ ತೋರಿಸುವುದು ಅಂತ ಇನ್ನಷ್ಟು ಸಿಟ್ಟು ಬಂತು.

ಅವರಿಗೆ ಬಸವೇಶ್ವರನಗರದಲ್ಲಿ ಹಲ್ಲಿನ ಕ್ಲಿನಿಕ್ಕು. ನಾನು ರಾಜಾಜಿನಗರದ ಒಂದು ಡೆಂಟಲ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಆಗಿನ್ನೂ ನಮ್ಮ ಕಡೆ ಮೆಟ್ರೋ ಕಂಬಗಳು ಎದ್ದಿರಲಿಲ್ಲ. ನಮ್ಮ ಕೆಲಸ ಹೇಗೆ ಅಂದರೆ, ಡಾಕ್ಟರು ಮೆತ್ತನೆಯ ಪೇಸ್ಟಿನಲ್ಲಿ ಬಾಯಿಯ ಅಳತೆ ತೆಗೆದು, ಒದ್ದೆ ಹತ್ತಿಯಲ್ಲಿ ಸುತ್ತಿ ಕಳಿಸುತ್ತಾರೆ. ಅದಕ್ಕೆ ನಾವು ಪ್ಲಾಸ್ಟರು ಹೊಯ್ದರೆ ದವಡೆಯ ಅಚ್ಚು ಸಿಗುತ್ತದೆ. ಆ ಅಚ್ಚಿನ ಮೇಲೆ ಕಟ್ಟಿಸುವ ಹಲ್ಲೋ, ಮಕ್ಕಳ ಅಂಗುಳಕ್ಕೆ ಹಾಕುವ ಪ್ಲೇಟೋ ತಯಾರಾಗುತ್ತದೆ. ಅಳತೆ ಒಣಗಿದರೆ ಕುಗ್ಗುತ್ತದೆ ಅಂತ ಬೇರೆ ಡಾಕ್ಟರುಗಳಿಗೂ ಗೊತ್ತು, ಆದರೆ ಯಾರ ಕೈಯಲ್ಲೂ ಕಳಿಸದೆ ತಾವೇ ಸ್ಕೂಟರಿನಲ್ಲಿ ತಂದುಕೊಡುತ್ತಿದ್ದವರು ಇವರೊಬ್ಬರೇ. ತಂದವರು ನನ್ನ ಪಕ್ಕದಲ್ಲೇ ನಿಂತು ಪ್ಲಾಸ್ಟರು ಗಟ್ಟಿಯಾಗುವವರೆಗೆ ಪಾಠ ಮಾಡುತ್ತಿದ್ದರು.

ಪಾಠ ಒಂದೇ. “ಎಲುಬು ಅಂದ್ರೆ ಕಲ್ಲಲ್ಲಮ್ಮ. ಮಾಂಸ ಎಳೆದ ಕಡೆಗೆ ಬೆಳೆಯತ್ತೆ. ಅಗಿಯೋ ಮಗೂಗೆ ದವಡೆ ಅಗಲ ಆಗತ್ತೆ, ಹಲ್ಲಿಗೆ ಜಾಗ ಸಿಗತ್ತೆ. ನುಂಗೋ ಮಗೂಗೆ ದವಡೆ ಚಿಕ್ಕದು, ಹಲ್ಲು ಮಾತ್ರ ಅಷ್ಟೇ ದೊಡ್ಡದು. ಎಲ್ಲಿ ಕೂರ್ತವೆ ಅವು? ಪೀಣ್ಯ ಬಸ್ಸಲ್ಲಿ ಕೂತಂಗೆ ಒಂದರ ಮೇಲೊಂದು!” ಆಮೇಲೆ ನನ್ನ ಎರಡು ಬೆರಳನ್ನು ನನ್ನದೇ ಕಣತಲೆಯ ಮೇಲೆ ಇಡಿಸಿ, ಹಲ್ಲು ಕಚ್ಚಿ ಅನ್ನುವರು. ಬೆರಳ ಕೆಳಗೆ ಮಾಂಸ ಉಬ್ಬಿ ಇಳಿಯುತ್ತಿತ್ತು. “ನೋಡಿ, ಊಟ ಮಾಡೋದು ಬಾಯಲ್ಲಿ ಮಾತ್ರ ಅಲ್ಲ, ತಲೆಬುರುಡೇಲಿ” ಅನ್ನುವಾಗ ಅವರ ಮುಖ ಅರಳುತ್ತಿತ್ತು.

ಅವರ ಶತ್ರುಗಳು ಇಬ್ಬರು, ಮಿಕ್ಸಿ ಮತ್ತು ಕುಕ್ಕರು. “ಮೂರನೇ ವಿಷಲ್‌ಗೆ ಹಲ್ಲಿಗೆ ರಜ” ಎಂದು ಯಾರ ಮನೆಗೆ ಹೋದರೂ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ತಿಂಡಿಯನ್ನು ಹೊಗಳುವುದಕ್ಕೆ ಇರುವುದು ಒಂದೇ ಮಾತು, ‘ಮೆತ್ತಗಿದೆ’, ಅದನ್ನು ನಿಷೇಧ ಮಾಡಬೇಕು ಅಂತ ಅವರ ವಾದ. ನಮ್ಮ ಮುದ್ದೆಯ ಮೇಲಂತೂ ಬಹಳ ಬೇಜಾರು. “ರಾಗಿ ಬಂಗಾರ ಕಣ್ರಮ್ಮ, ಆದ್ರೆ ನುಂಗಿಬಿಡ್ತೀರಲ್ಲ!” ಅಂತ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಮುದ್ದೆಯನ್ನು ಅಗಿದರೆ ನಮ್ಮ ಕಡೆ ಪಟ್ಟಣದವರು ಅಂತ ನಗುತ್ತಾರೆ ಸಾರ್ ಅಂದರೆ, “ನಗಲಿ, ನಗೋಕೂ ದವಡೆ ಬೇಕು” ಎಂದರು. ಜೇಬಿನಲ್ಲಿ ಸದಾ ಕೊಬ್ಬರಿ ಚೂರು. ಎಲ್ಲ ಅಂಗಿಯ ಜೇಬಿಗೂ ಎಣ್ಣೆಯ ಕಲೆ. ಮಕ್ಕಳು ಕಂಡರೆ ಚಾಕಲೇಟಿನ ಬದಲು ಅದನ್ನು ಕೊಡುವುದು, ಮಕ್ಕಳು ಮರೆಯಲ್ಲಿ ಉಗುಳುವುದು, ಇದು ಬಸವೇಶ್ವರನಗರದ ಅವರ ರಸ್ತೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವ್ಯವಹಾರ.

ಕ್ಲಿನಿಕ್ಕಿನ ಮೇಜಿನ ಡ್ರಾಯರಿನಲ್ಲಿ ಒಂದು ಚಪ್ಪಲಿ ಡಬ್ಬ ಇತ್ತು. ಒಳಗೆ ಹತ್ತಿಯ ಮೇಲೆ ಎರಡು ಮೊಲದ ತಲೆಬುರುಡೆ. ಒಟ್ಟಿಗೆ ಹುಟ್ಟಿದ ಮರಿಗಳಂತೆ. ಒಂದಕ್ಕೆ ಕಾಳು, ಕ್ಯಾರೆಟ್ಟು, ಒಣಹುಲ್ಲು ಕೊಟ್ಟು, ಇನ್ನೊಂದಕ್ಕೆ ಅದನ್ನೇ ನೆನೆಸಿ ರುಬ್ಬಿ ಗಂಜಿ ಮಾಡಿ ಕೊಟ್ಟು ತಾರಸಿಯ ಮೇಲೆ ಬೆಳೆಸಿದ್ದರು. ಗಂಜಿ ಮೊಲದ ದವಡೆ ತೆಳ್ಳಗಿತ್ತು, ಅಂಗುಳ ಇಕ್ಕಟ್ಟಾಗಿತ್ತು. ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿದರೆ ಯಾರಿಗಾದರೂ ಗೊತ್ತಾಗುವಷ್ಟು ವ್ಯತ್ಯಾಸ. “ಮೊಲ ಹೆಂಗೆ ಸತ್ತೋಯ್ತು ಅಂಕಲ್?” ಅಂತ ಮಕ್ಕಳು ಕೇಳಿದರೆ, “ವಯಸ್ಸಾಗಿತ್ತು ಪುಟ್ಟ” ಅನ್ನುತ್ತಿದ್ದರು. ಅವರ ಮಗಳು ಮಾತ್ರ ಆ ಡಬ್ಬ ಹೊರಗೆ ಬಂದರೆ ಎದ್ದು ಹೋಗುತ್ತಿದ್ದಳು. ಅವು ಅವಳು ಸಾಕಿಕೊಂಡಿದ್ದ ಮೊಲಗಳು, ಒಂದು ವರ್ಷವೂ ತುಂಬಿರಲಿಲ್ಲ ಅನ್ನುವುದು ನನಗೆ ಬಹಳ ತಡವಾಗಿ ತಿಳಿಯಿತು.

ಅವರನ್ನು ನಾನು ಯಾಕೆ ಅಷ್ಟು ನಂಬಿದೆ ಅನ್ನುವುದನ್ನೂ ಹೇಳಬೇಕು. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಡಾಕ್ಟರುಗಳು ಹೆಸರು ಹಿಡಿದು ಮಾತಾಡಿಸುವ ಕಾಲ ಅಲ್ಲ ಅದು. ಇವರು ಒಂದು ಸ್ಕೂಲಿನಲ್ಲಿ ತಂದೆ ತಾಯಂದಿರ ಮುಂದೆ ಭಾಷಣ ಮಾಡುತ್ತ, ಮೇಜಿನ ಮೇಲೆ ಸಾಲಾಗಿ ಇಟ್ಟ ಅಚ್ಚುಗಳನ್ನು ತೋರಿಸಿ, “ಇವನ್ನೆಲ್ಲ ಮಾಡಿದವರು ಅಲ್ಲಿ ಹಿಂದೆ ಕೂತಿದಾರೆ. ಎದ್ದು ನಿಲ್ಲಿ ಅಮ್ಮ” ಅಂದರು. ನಾನು ನಿಂತೆ. ಜನ ಚಪ್ಪಾಳೆ ತಟ್ಟಿದರು. ಅಂಗುಳದ ಮುಂಭಾಗದಲ್ಲಿ ಸಣ್ಣ ಸಣ್ಣ ಏರು ಗೀರುಗಳಿರುತ್ತವೆ, ಅವು ಬೆರಳಚ್ಚಿನ ಹಾಗೆ ಒಬ್ಬರದು ಒಬ್ಬರಿಗಿಲ್ಲ ಅಂತ ನನಗೆ ಕಲಿಸಿಕೊಟ್ಟವರೂ ಅವರೇ. ಅದು ಕಲಿತ ಮೇಲೆ ಚೀಟಿ ಕಳೆದುಹೋದ ಅಚ್ಚನ್ನೂ ನಾನು ಇದು ಇಂಥವರದು ಅಂತ ಹೇಳಬಲ್ಲವಳಾದೆ.

ನನ್ನ ಮಗಳಿಗೆ ಎಂಟು ವರ್ಷವಾದಾಗ ಅವಳ ಬಾಯಿ ನೋಡಿ ನನಗೇ ಗಾಬರಿಯಾಯಿತು. ಮೇಲಿನ ದವಡೆ ಇಕ್ಕಟ್ಟು. ಬಾಯಿ ಮುಚ್ಚಿದರೆ ಬಲಗಡೆ ಮೇಲಿನ ಹಲ್ಲುಗಳು ಕೆಳಗಿನ ಹಲ್ಲುಗಳ ಒಳಗೆ ಇಳಿಯುತ್ತಿದ್ದವು. ಹೊಂದಿಸಿಕೊಳ್ಳಲಿಕ್ಕೆ ಗದ್ದ ಒಂಚೂರು ಬಲಕ್ಕೆ ಸರಿಯುತ್ತಿತ್ತು. ಇಂಥ ಬಾಯಿಗೆ ಮಧ್ಯೆ ಸ್ಕ್ರೂ ಇರುವ ಪ್ಲೇಟು ಹಾಕುತ್ತಾರೆ. ವಾರಕ್ಕೆ ಇಷ್ಟು ಅಂತ ಕೀಲಿಯಿಂದ ತಿರುಗಿಸುತ್ತ ಹೋದರೆ ಅಂಗುಳ ಅಗಲವಾಗುತ್ತದೆ. ಬೆಳೆಯುವ ವಯಸ್ಸಿನಲ್ಲೇ ಆಗಬೇಕು. ಆ ಪ್ಲೇಟು ಮಾಡುವುದೇ ನನ್ನ ಹೊಟ್ಟೆಪಾಡು.

ಮಗಳನ್ನು ಕರೆದುಕೊಂಡು ಹೋದೆ. “ಪ್ಲೇಟು ನಾನೇ ಮಾಡ್ಕೋತೀನಿ ಸಾರ್, ನೀವು ಕೂರಿಸಿಕೊಟ್ರೆ ಸಾಕು” ಅಂದೆ.

ಅವರು ಅವಳ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. “ಬೇಡಮ್ಮ. ಪ್ಲೇಟು ಸೋಮಾರಿ ದವಡೆಗೆ. ಇವಳಿಗೆ ಅಗಿಯೋಕೆ ಕೊಡಿ. ಐದು ವರ್ಷ. ನಮ್ಮ ಅಗಿಯೋ ಮಕ್ಕಳ ಲಿಸ್ಟಿಗೆ ಇವಳನ್ನೂ ಸೇರಿಸ್ತೀನಿ” ಎಂದರು. ಮಗಳ ಕೈಗೆ ಒಂದು ಕೊಬ್ಬರಿ ಚೂರು ಕೊಟ್ಟರು.

ಅಗಿಯುವ ಮಕ್ಕಳು ಅಂದರೆ ಅವರ ಅಧ್ಯಯನ. ರಾಜಾಜಿನಗರದ ಬ್ಲಾಕುಗಳಲ್ಲಿ ಇಡ್ಲಿ, ಮೊಸರನ್ನ ತಿಂದು ಬೆಳೆಯುವ ಮಕ್ಕಳು ಒಂದು ಕಡೆ. ನಾವಿದ್ದ ಲಗ್ಗೆರೆಯಲ್ಲಿ, ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರ ಮನೆಗಳಲ್ಲಿ ಖಡಕ್ ರೊಟ್ಟಿ ಮುರಿದು ತಿನ್ನುವ ಮಕ್ಕಳು ಇನ್ನೊಂದು ಕಡೆ. ವರ್ಷಕ್ಕೊಂದು ಸಲ ಎಲ್ಲರ ಅಳತೆ ತೆಗೆಯುವುದು, ಅಚ್ಚು ನಾನು ಹೊಯ್ಯುವುದು. ಲಗ್ಗೆರೆಯ ಮನೆಗಳಿಗೆ ಅವರನ್ನು ಕರೆದುಕೊಂಡು ಹೋದವಳೂ ನಾನೇ. ರೊಟ್ಟಿ ತಿನ್ನುವ ಮಕ್ಕಳ ದವಡೆ ನಿಜಕ್ಕೂ ಅಗಲವಾಗಿತ್ತು. ಅದನ್ನು ಇವತ್ತೂ ಇಲ್ಲ ಅನ್ನುವುದಿಲ್ಲ.

ನಮ್ಮ ಮನೆಯಲ್ಲಿ ಮುದ್ದೆ ನಿಂತಿತು. ಪಕ್ಕದ ಮನೆಯ ಬಿಜಾಪುರದ ಅಕ್ಕನ ಹತ್ತಿರ ಜೋಳದ ರೊಟ್ಟಿ ಬಡಿಯುವುದನ್ನು ಕಲಿತೆ. ಒಂದು ತಿಂಗಳು ನನ್ನ ರೊಟ್ಟಿ ಹರಿಯುತ್ತಲೇ ಇತ್ತು, ಅಕ್ಕ ನಗುತ್ತಲೇ ಇದ್ದಳು. ಮಗಳು ಒಂದೊಂದು ಚೂರನ್ನೂ ಬಲಗಡೆಗೇ ತಳ್ಳಿ ಅಗಿಯುತ್ತಿದ್ದಳು. ಎಡಗಡೆ ಅಗಿದರೆ ಹಲ್ಲಿಗೆ ಹಲ್ಲು ಸರಿಯಾಗಿ ಸಿಗುತ್ತಿರಲಿಲ್ಲ. “ನೋವಾಗತ್ತಮ್ಮ, ಸಾಕು” ಅನ್ನುವಳು. ತಟ್ಟೆ ಖಾಲಿ ಆಗದೆ ಎದ್ದೇಳು ನೋಡೋಣ ಅಂತ ಎದುರಿಗೆ ಕೂತಿರುತ್ತಿದ್ದೆ. ಅಕ್ಕ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದವಳು, “ಅಲ್ಲ ತಂಗಿ, ನಮ್ಮ ಹುಡುಗ್ರು ಹಸಿವಿಗೆ ತಿಂತಾವ. ನೀ ಕೂಸಿಗೆ ಔಷಧ ತಿನಿಸಿದಂಗ ತಿನಿಸಾಕತ್ತೀಯಲ್ಲ” ಎಂದಳು. ನಿಮಗೆ ಗೊತ್ತಾಗಲ್ಲ ಅಕ್ಕ ಅಂದುಬಿಟ್ಟೆ.

ವರ್ಷ ಕಳೆದು ಮಗಳ ಅಚ್ಚು ಹೊಯ್ದರೆ, ಹಿಂದಿನ ವರ್ಷ ಎಷ್ಟಿತ್ತೋ ಅಷ್ಟೇ. “ನಿಧಾನಕ್ಕೆ ಆಗತ್ತಮ್ಮ” ಅನ್ನುತ್ತಿದ್ದರು ಅವರು. ಅದೇ ಹೊತ್ತಿಗೆ ಅವರ ಮಗಳ ಅಚ್ಚೂ ಬರುತ್ತಿತ್ತು. ನನ್ನವಳಿಗಿಂತ ಒಂದು ವರ್ಷ ಚಿಕ್ಕವಳು, ಮೊದಲು ಅವಳದ್ದೂ ಇಕ್ಕಟ್ಟು ಬಾಯಿಯೇ. ಮೂರನೇ ವರ್ಷದಿಂದ ಅದು ಅಗಲವಾಗುತ್ತ ಬಂತು. ಅವರು ಭಾಷಣಗಳಲ್ಲಿ ಮಗಳ ಅಚ್ಚುಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ, ಹಲ್ಲುಗಳ ನಡುವೆ ಕ್ಯಾಲಿಪರ್ ಹಿಡಿದು ಅಳೆದು ತೋರಿಸುತ್ತಿದ್ದರು. “ನನ್ನ ಮನೇಲೇ ಪುರಾವೆ ಇದೆ. ಬರೀ ಕೊಬ್ಬರಿ, ಕಡಲೆ, ರೊಟ್ಟಿ.” ನಾನು ಹಿಂದಿನ ಸಾಲಿನಲ್ಲಿ ಕೂತು ನಾಚಿಕೊಳ್ಳುತ್ತಿದ್ದೆ. ಅವರ ಮನೆಯಲ್ಲಿ ಆಗುವುದು ನನ್ನ ಮನೆಯಲ್ಲಿ ಯಾಕಾಗುತ್ತಿಲ್ಲ? ರೊಟ್ಟಿ ಇನ್ನೂ ಗಟ್ಟಿಯಿರಬೇಕೇನೋ. ಇವಳು ನಾನು ಆ ಕಡೆ ಹೋದಾಗ ಅಗಿಯದೆ ನುಂಗುತ್ತಿರಬೇಕು. ಮನೆಗೆ ಬಂದು ಬೈಯುತ್ತಿದ್ದೆ. ಒಂದು ಸಲ ಹೊಡೆದೂ ಇದ್ದೇನೆ.

ಮಗಳಿಗೆ ಹದಿಮೂರು ತುಂಬಿದ ವರ್ಷ. ವಿಜಯನಗರದ ಒಂದು ಕ್ಲಿನಿಕ್ಕಿನವರು ಹೊಸದಾಗಿ ನಮ್ಮ ಲ್ಯಾಬಿಗೆ ಕೆಲಸ ಕಳಿಸತೊಡಗಿದ್ದರು. ಒಂದು ಬೆಳಿಗ್ಗೆ ಅಲ್ಲಿಂದ ಒಂದು ಅಳತೆ, ಜೊತೆಗೆ ಕವರಿನಲ್ಲಿ ಒಂದು ಹಳೆಯ ಪ್ಲೇಟು ಬಂತು. ಸ್ಕ್ರೂ ಪೂರ್ತಿ ತಿರುಗಿ ಮುಗಿದಿದೆ, ಹೊಸದು ಬೇಕು ಅಂತ ಚೀಟಿ. ಚೀಟಿಯಲ್ಲಿ ನನಗೆ ಗೊತ್ತಿಲ್ಲದ ಯಾವುದೋ ಹೆಸರು. ಪ್ಲಾಸ್ಟರು ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸಿ, ಅಂಚು ತಿಕ್ಕಲು ಕೈಗೆತ್ತಿಕೊಂಡೆ. ಅಂಗುಳದ ಎಡಗಡೆಯ ಎರಡನೇ ಗೀರು ಮಧ್ಯಕ್ಕೆ ಬಂದು ಕವಲೊಡೆದಿತ್ತು. ಆ ಕವಲನ್ನು ನಾನು ಐದು ವರ್ಷದಿಂದ ನೋಡುತ್ತಿದ್ದೆ. ಕಪಾಟಿನಿಂದ ಡಾಕ್ಟರ ಮಗಳ ಅಚ್ಚು ತೆಗೆದು ಪಕ್ಕದಲ್ಲಿಟ್ಟೆ. ಮತ್ತೆ ಮತ್ತೆ ನೋಡಿದೆ. ಹಳೆಯ ಪ್ಲೇಟನ್ನು ತೆಗೆದು ಈ ವರ್ಷ ಹೊಯ್ದಿದ್ದ ಅವಳ ಅಚ್ಚಿನ ಮೇಲೆ ಇಟ್ಟೆ. ಟಕ್ ಅಂತ ಕೂತಿತು.

ಮಧ್ಯಾಹ್ನ ರಜ ಕೇಳಿ, ಎರಡು ಅಚ್ಚನ್ನೂ ಊಟದ ಬ್ಯಾಗಿಗೆ ಹಾಕಿಕೊಂಡು ಬಸವೇಶ್ವರನಗರಕ್ಕೆ ನಡೆದೇ ಹೋದೆ. ಕ್ಲಿನಿಕ್ಕಿನಲ್ಲಿ ಪೇಷೆಂಟುಗಳಿರಲಿಲ್ಲ. ಅವರು ಏನೋ ಓದುತ್ತ ಕೂತಿದ್ದರು. “ಬನ್ನಿ ಬನ್ನಿ” ಅಂದರು. ನಾನು ಅಚ್ಚುಗಳನ್ನು ಮೇಜಿನ ಮೇಲಿಟ್ಟೆ. ಅವರು ಒಂದೊಂದನ್ನೇ ತಿರುವಿ ಅಂಗುಳ ನೋಡಿದರು. ನೋಡುವ ಮೊದಲೇ ಗೊತ್ತಾಗಿತ್ತು ಅಂತ ಕಾಣುತ್ತದೆ.

“ವಿಜಯನಗರದವರು ಮಲ್ಲೇಶ್ವರದ ಲ್ಯಾಬಿಗಲ್ವಾ ಕೊಡ್ತಿದ್ದಿದ್ದು?” ಎಂದರು.

ಇದು ಅವರ ಬಾಯಿಂದ ಬಂದ ಮೊದಲ ಮಾತು. ಇದೇನು, ಎಲ್ಲಿಂದ ಬಂತು, ಯಾರದು, ಒಂದೂ ಕೇಳಲಿಲ್ಲ. ಅಲ್ಲಿಯವರೆಗೆ, ಹೆಂಡತಿ ಇವರಿಗೆ ಹೇಳದೆ ಮಗಳನ್ನು ಕರೆದುಕೊಂಡು ಹೋಗಿರಬಹುದು ಅಂತ ದಾರಿಯುದ್ದಕ್ಕೂ ನಾನೇ ಅವರ ಪರವಾಗಿ ವಾದ ಮಾಡಿಕೊಂಡು ಬಂದಿದ್ದೆ. ಆ ಒಂದು ಮಾತಿಗೆ ಆ ವಾದ ಮುಗಿಯಿತು. ಪೇಷೆಂಟು ಕೂರುವ ಕುರ್ಚಿಯಲ್ಲೇ ಕೂತೆ.

“ನಮ್ಮನೆಯವಳು ಹಠ ಮಾಡಿದಳಮ್ಮ. ಹೆಣ್ಣುಹುಡುಗಿ, ಮುಖದ ವಿಷಯ, ನಿಮ್ಮ ಪ್ರಯೋಗಕ್ಕೆ ಬಿಡಲ್ಲ ಅಂದ್ಲು.”

“ನಂದೂ ಹೆಣ್ಣುಹುಡುಗೀನೇ ಸಾರ್.”

ಅವರು ಅಚ್ಚುಗಳನ್ನು ನನ್ನ ಕಡೆಗೆ ಸರಿಸಿದರು.

“ಪ್ಲೇಟು ಶುರು ಮಾಡಿದ್ದು ಯಾವಾಗ?”

“ಮೂರು ವರ್ಷ ಆಯ್ತು. ಮನೇಲಿದ್ದಾಗ ಮಾತ್ರ ಹಾಕ್ಕೋತಾಳೆ.”

“ಮೂರು ವರ್ಷದ ಹಿಂದೆ ನನ್ನ ಮಗಳಿಗೆ ಹತ್ತು. ಆವತ್ತು ನನಗೊಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಸಾರ್? ನಾನೇ ಮಾಡ್ಕೋತಿದ್ದೆ. ನಿಮಗೆ ಹಾಕೋಕೆ ಮನಸ್ಸಿಲ್ಲ ಅಂದ್ರೆ ಬೇರೆಯವರ ಹತ್ರ ಹೋಗ್ತಿದ್ದೆ.”

ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ಅಧ್ಯಯನ ಅಂದಮೇಲೆ ಮಧ್ಯದಲ್ಲಿ ಒಬ್ಬರನ್ನ ತೆಗೆಯೋಕಾಗಲ್ಲಮ್ಮ. ಎಲ್ಲಾ ಕೆಟ್ಟುಹೋಗತ್ತೆ. ಇವಳದ್ದೂ ಇವತ್ತಲ್ಲ ನಾಳೆ ಸರಿಯಾಗತ್ತೆ ಅಂತ ನಂಬಿದ್ದೆ. ನಿಜವಾಗ್ಲೂ ನಂಬಿದ್ದೆ. ಈಗ ಕರ್ಕೊಂಡು ಬನ್ನಿ, ನಾನೇ ಹಾಕ್ತೀನಿ.”

ಅವರು ನಂಬಿದ್ದು ಸುಳ್ಳಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಆ ನಂಬಿಕೆಯ ಮೇಲೆ ತಮ್ಮ ಮಗಳ ಮುಖ ಇಡಲಿಕ್ಕೆ ಧೈರ್ಯವಾಗಲಿಲ್ಲ, ನನ್ನ ಮಗಳದ್ದು ಇಟ್ಟರು. ಇಟ್ಟದ್ದು ಸಾಲದು ಅಂತ, ಪ್ಲೇಟಿನಿಂದ ಅಗಲವಾದ ದವಡೆಯನ್ನು ಕೊಬ್ಬರಿಯಿಂದ ಆದದ್ದು ಅಂತ ನೂರಾರು ಜನರ ಮುಂದೆ, ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಮುಂದೆ ಅಳೆದು ತೋರಿಸಿದರು. ನಾನು ಒಂದು ಮಾತೂ ಬೈಯಲಿಲ್ಲ. ಅಚ್ಚುಗಳನ್ನು ಬ್ಯಾಗಿಗೆ ಹಾಕಿಕೊಂಡು ಬಂದೆ. ಬೈಯಬೇಕಿತ್ತು.

ಆಮೇಲೂ ಅವರ ಭಾಷಣಗಳು ನಿಲ್ಲಲಿಲ್ಲ. ಅವರ ಮಗಳ ಅಚ್ಚು ಮಾತ್ರ ಮೇಜಿನ ಮೇಲೆ ಬರಲಿಲ್ಲ. ನನ್ನ ಮಗಳದ್ದೂ ಬರಲಿಲ್ಲ. ಮಧ್ಯದಲ್ಲಿ ಯಾರನ್ನೂ ತೆಗೆಯೋಕಾಗಲ್ಲ ಅಂದವರು, ಅವಳನ್ನು ಲಿಸ್ಟಿನಿಂದ ತೆಗೆದುಹಾಕಿದ್ದರು. ಅವಳ ದವಡೆ ಅವರ ಮಾತಿಗೆ ಹೊಂದುತ್ತಿರಲಿಲ್ಲವಲ್ಲ. ಅವರ ಮುಂದಿನ ಅಳತೆಗಳನ್ನು ನಾನು ಹೊಯ್ಯುವುದಿಲ್ಲ ಅಂದೆ. ಲ್ಯಾಬಿನವರು ಕಾರಣ ಕೇಳಿದರು, ಕೈ ನೋವು ಅಂದೆ. ರಸ್ತೆಯಲ್ಲಿ ಎದುರಾದರೆ ಅವರು ಸ್ಕೂಟರು ನಿಧಾನ ಮಾಡುತ್ತಿದ್ದರು, ನಾನು ತಲೆ ತಗ್ಗಿಸಿ ಹೋಗುತ್ತಿದ್ದೆ. ತಪ್ಪು ಮಾಡಿದವಳು ನಾನು ಅನ್ನುವ ಹಾಗೆ!

ಅವರ ಕ್ಲಿನಿಕ್ಕಿಗೆ ಹೋಗಿ ಬಂದ ಮರುವಾರವೇ ಮಗಳನ್ನು ವಿಜಯನಗರದ ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದ ಹೆಂಗಸು, ನಿಧಾನಕ್ಕೆ ಮಾತಾಡುವವರು. ಮಗಳ ಎರಡೂ ಕೆನ್ನೆಯ ಮೇಲೆ ಅಂಗೈ ಇಟ್ಟು ಹಲ್ಲು ಕಚ್ಚಿಸಿದರು. ಆಮೇಲೆ ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಇಡಿಸಿದರು. ಬಲಗಡೆಯ ಮಾಂಸ ಕಲ್ಲಿನ ಹಾಗೆ ಉಬ್ಬಿತು, ಎಡಗಡೆ ಅದರ ಅರ್ಧವೂ ಇಲ್ಲ.

“ಐದು ವರ್ಷದಿಂದ ಒಂದೇ ಕಡೆ ಗಟ್ಟಿ ಗಟ್ಟಿಯಾಗಿ ಅಗಿದಿದಾಳೆ” ಎಂದರು. “ದವಡೇನೂ ಆ ಕಡೆಗೇ ಬೆಳೆದಿದೆ. ಹಲ್ಲು ಸ್ವಲ್ಪ ಮಟ್ಟಿಗೆ ಸರಿ ಮಾಡಬಹುದು. ಆದರೆ ಗದ್ದ ವಾಲಿರೋದು ಹೀಗೇ ಉಳಿಯತ್ತೆ. ಬೆಳವಣಿಗೆ ಎಲ್ಲಾ ನಿಂತಮೇಲೆ ಆಪರೇಷನ್ ಬೇಕಾದ್ರೆ ಯೋಚನೆ ಮಾಡಿ. ಒಂಬತ್ತು ಹತ್ತು ವರ್ಷಕ್ಕೆ ತಂದಿದ್ರೆ ಒಂದು ಪ್ಲೇಟಲ್ಲಿ ಮುಗೀತಿತ್ತು.” ನಾನು ಏನು ಕೆಲಸ ಮಾಡುತ್ತೇನೆ ಅಂತ ಅವರು ಕೇಳಲಿಲ್ಲ. ಕೇಳದಿದ್ದುದಕ್ಕೆ ದೇವರಿಗೆ ಕೈ ಮುಗಿದೆ.

ಮನೆಗೆ ಬರುವ ಬಸ್ಸಿನಲ್ಲಿ ಲೇಡೀಸ್ ಸೀಟು ಸಿಕ್ಕಿತು. ಮಗಳು ಬಲಗೆನ್ನೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ನಾನು ಬಸವೇಶ್ವರನಗರದ ಡಾಕ್ಟರನ್ನು ಬೈಯತೊಡಗಿದೆ. ಅವತ್ತು ಅವರ ಎದುರು ಬಾಯಿಗೆ ಬಾರದ ಮಾತೆಲ್ಲ ಈಗ ಬಂತು. ಮೋಸಗಾರ, ನಂಬಿಸಿ ಕುತ್ತಿಗೆ ಕೊಯ್ದ, ತನ್ನ ಮಗಳನ್ನು ಉಳಿಸಿಕೊಂಡು ನಮ್ಮನ್ನು ಬಲಿ ಕೊಟ್ಟ ಅಂತ. ಪಕ್ಕದ ಸೀಟಿನವರು ತಿರುಗಿ ನೋಡಿದರೂ ನಿಲ್ಲಿಸಲಿಲ್ಲ.

ಅವಳು ಕೆನ್ನೆಯಿಂದ ಕೈ ತೆಗೆದು, “ಹಂಗಾದ್ರೆ ನಾನು ಸರಿಯಾಗೇ ಅಗೀತಿದ್ದೆ ಅಲ್ವಾಮ್ಮ?” ಅಂದಳು.

“ಹೂಂ ಕಣೇ” ಅಂದೆ.

“ನಾನು ಹೇಳ್ದೆ. ಪ್ರತಿ ವರ್ಷ ಹೇಳ್ದೆ, ಅಗೀತಾನೇ ಇದೀನಿ, ನೋವಾಗತ್ತೆ ಅಂತ. ನೀನು ಅವರನ್ನ ನಂಬ್ದೆ.”

ಅವಳ ಕೈ ಹಿಡಿಯಲು ಹೋದೆ. ನಾವು ಇಳಿಯುವುದಕ್ಕೆ ಇನ್ನೂ ಎರಡು ಸ್ಟಾಪು ಇತ್ತು. ಅವಳು ಎದ್ದು, ಜನರ ಮಧ್ಯೆ ದಾರಿ ಮಾಡಿಕೊಂಡು, ಬಾಗಿಲ ಹತ್ತಿರ ಹೋಗಿ ನಿಂತಳು.